ಯಾರ ಕಡೆಯದು

ರೋಣದ ಮಕ್ಕಳ ಡಾಕ್ಟರಮ್ಮ ಕೇಳಿದ್ದು ಸಾದಾ ಪ್ರಶ್ನೆ. ಮನೆಯಲ್ಲಿ ಯಾರಿಗಾದರೂ, ತಂದೆಗಾಗಲಿ ತಾಯಿಗಾಗಲಿ, ಸಣ್ಣವರಿದ್ದಾಗ ಜ್ವರದಲ್ಲಿ ಹೀಗೆ ಫಿಟ್ಸ್ ಬಂದಿತ್ತೇ ಎಂದು ಕೇಳಿದರು. ನಾನು ತವರಿನವರನ್ನೆಲ್ಲ ಒಬ್ಬೊಬ್ಬರಾಗಿ ನೆನಪಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ನನ್ನ ಅತ್ತೆ ಮಾಯವ್ವ ಸೆರಗು ಸರಿಮಾಡಿಕೊಂಡು ಉತ್ತರ ಕೊಟ್ಟೇಬಿಟ್ಟಳು.

“ನಮ್ಮ ಕಡೆ ಯಾರಿಗೂ ಇಲ್ರಿ. ನಮ್ಮ ಮನಿತನದಾಗ ಇಂಥಾದ್ದು ಕಂಡೇ ಇಲ್ಲ.”

ಹಾಗೆಂದು ನನ್ನ ಕಡೆ ನೋಡಿದಳು. ಡಾಕ್ಟರಮ್ಮನೂ ನೋಡಿದರು. ನಮ್ಮಲ್ಲೂ ಇಲ್ಲ ಎಂದೆ. ಆದರೆ ಎರಡನೆಯವರಾಗಿ ಹೇಳಿದವರ ‘ಇಲ್ಲ’ಕ್ಕೆ ಯಾವಾಗಲೂ ಬೆಲೆ ಕಡಿಮೆ. ನನ್ನ ಗಂಡ ಸಿದ್ದರಾಮೇಶ ಗೋಡೆಯ ಮೇಲೆ ಮಕ್ಕಳಿಗೆಂದು ಬರೆಸಿದ್ದ ಆನೆಯ ಚಿತ್ರವನ್ನು, ಜನ್ಮದಲ್ಲಿ ಆನೆ ಕಾಣದವನಂತೆ ನೋಡುತ್ತ ಕೂತಿದ್ದ. ಡಾಕ್ಟರಮ್ಮ ಅವನನ್ನೂ ಕೇಳಿದರು. ಅವನು ತಲೆ ಅಲ್ಲಾಡಿಸಿದ. ಹೌದೆಂದೋ ಅಲ್ಲವೆಂದೋ ತಿಳಿಯದ ಹಾಗೆ ತಲೆ ಅಲ್ಲಾಡಿಸುವುದರಲ್ಲಿ ನನ್ನ ಗಂಡನಷ್ಟು ಪಳಗಿದವರು ರೋಣ ತಾಲೂಕಿನಲ್ಲಿ ಇರಲಿಕ್ಕಿಲ್ಲ. ಎದುರಿಗೆ ಅವನನ್ನು ‘ರೀ’ ಎಂದೇ ಕರೆಯುತ್ತೇನೆ, ಅದು ಬಾಯಿಗೆ ಬಿದ್ದ ರೂಢಿ. ಮನಸ್ಸಿನೊಳಗೆ ಅವನು ಏಕವಚನಕ್ಕೆ ಇಳಿದು ಬಹಳ ದಿನವಾಯಿತು.

ಆ ದಿನ ಮಧ್ಯಾಹ್ನ ಸವಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ನನ್ನ ಮಗ ರಾಯಣ್ಣ ರೊಟ್ಟಿಯ ಚೂರು ಹಿಡಿದು ಆಡುತ್ತಿದ್ದ. ಇನ್ನೂ ಒಂದೂವರೆ ವರ್ಷ ತುಂಬಿರದ ಕೂಸು. ಇದ್ದಕ್ಕಿದ್ದಂತೆ ರೊಟ್ಟಿ ಕೈಬಿಟ್ಟಿತು. ಕಣ್ಣು ಮೇಲೆ ಹೋದವು, ಮೈ ಕಟ್ಟಿಗೆಯಂತೆ ಸೆಟೆಯಿತು, ಆಮೇಲೆ ಕೈಕಾಲು ಜಗ್ಗತೊಡಗಿದವು. ತುಟಿ ನೀಲಿಯಾಯಿತು. ಮುಟ್ಟಿದರೆ ಮೈ ಹೆಂಚಿನ ಹಾಗೆ ಕಾದಿತ್ತು. ಜ್ವರ ಬಂದದ್ದೇ ನನಗೆ ಗೊತ್ತಿರಲಿಲ್ಲ. ಕೂಸು ಹೋಯಿತು ಎಂದುಕೊಂಡೆ. ಹೆತ್ತವರಿಗೆ ಮಾತ್ರ ತಿಳಿಯುವ ಭಯ ಅದು, ವೈರಿಗೂ ಬೇಡ.

ಅತ್ತೆ ಓಡಿಬಂದಳು. ಅವಳಿಗೆ ಗಾಬರಿಯೇ ಆಗಲಿಲ್ಲ. ಟ್ರಂಕಿನ ಕೀಲಿಕೈ ಗೊಂಚಲು ತಂದು ಕೂಸಿನ ಮುಷ್ಟಿಯಲ್ಲಿ ತುರುಕಿದಳು, ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದಳು, ಹಲ್ಲಿನ ನಡುವೆ ಚಮಚೆಯ ಹಿಡಿಕೆ ಇಟ್ಟಳು. ಯಾವುದು ಎಲ್ಲಿದೆ, ಯಾವುದಾದ ಮೇಲೆ ಯಾವುದು ಎಂದು ಒಂದಿಷ್ಟೂ ತಡವರಿಸಲಿಲ್ಲ. ಸೇರಿದ ಹೆಂಗಸರು ಮಾಯವ್ವನದು ಎಂಥ ಗಟ್ಟಿ ಎದೆ ಎಂದು ಕೊಂಡಾಡಿದರು. ನಾನೂ ಹಾಗೇ ಅಂದುಕೊಂಡೆ. ಓಣಿಯ ಕಾಶೀಂಸಾಬ ಆಟೋ ತಂದು ನಿಲ್ಲಿಸುವಷ್ಟರಲ್ಲಿ ಕೂಸಿನ ಮೈ ಸಡಿಲಾಗಿ ಅಳತೊಡಗಿತ್ತು. ರೋಣದಲ್ಲಿ ಪಂಪಸೆಟ್ಟಿನ ಮೋಟಾರು ವೈಂಡಿಂಗ್ ಅಂಗಡಿ ಇಟ್ಟಿರುವ ಗಂಡ ನೇರ ದವಾಖಾನೆಗೆ ಬಂದ.

ಡಾಕ್ಟರಮ್ಮ ಪುಣ್ಯಾತಗಿತ್ತಿ, ಸಮಾಧಾನವಾಗಿ ತಿಳಿಸಿ ಹೇಳಿದರು. ಇದು ಜ್ವರದ ಫಿಟ್ಸ್, ಬಹಳ ಮಕ್ಕಳಿಗೆ ಬರುತ್ತದೆ, ನೋಡಲು ಭಯಂಕರ ಅಷ್ಟೇ, ಇದರಿಂದ ಮಿದುಳು ಕೆಡುವುದಿಲ್ಲ, ಐದಾರು ವರ್ಷಕ್ಕೆ ತಾನಾಗಿ ನಿಲ್ಲುತ್ತದೆ ಎಂದರು. ಎಷ್ಟೋ ಸಲ ಫಿಟ್ಸೇ ಮೊದಲು ಬಂದು ಜ್ವರ ಇರುವುದನ್ನು ತಿಳಿಸುತ್ತದಂತೆ, ಆದ್ದರಿಂದ ತಾಯಿ ನೋಡಿಕೊಳ್ಳಲಿಲ್ಲ ಎನ್ನಬಾರದಂತೆ. ಆದರೆ ಮತ್ತೆ ಬರಬಹುದು. ಮೂರು ಮಕ್ಕಳಲ್ಲಿ ಒಂದಕ್ಕೆ ಮತ್ತೆ ಬರುತ್ತದೆ. ಇಷ್ಟು ಸಣ್ಣ ವಯಸ್ಸಿನಲ್ಲಿ ಶುರುವಾಗಿದ್ದರೆ ಇನ್ನೂ ಹೆಚ್ಚು, ತಂದೆ ತಾಯಿಗೆ ಬಂದಿದ್ದರೆ ಮತ್ತೂ ಹೆಚ್ಚು. ಅದಕ್ಕೇ ಅವರು ಆ ಪ್ರಶ್ನೆ ಕೇಳಿದ್ದು. ಬಂದರೆ ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ ಕಾಯದೆ ಕರೆತನ್ನಿ ಎಂದರು. ಜ್ವರದ ಔಷಧ ಕೂಸಿಗೆ ಆರಾಮು ಕೊಡುತ್ತದೆಯೇ ಹೊರತು ಫಿಟ್ಸನ್ನು ತಡೆಯುತ್ತದೆ ಎಂದು ನಂಬಬೇಡಿ ಎಂದೂ ಹೇಳಿದರು. ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ಕಡೆಗೆ ನನ್ನ ಕೈಮೇಲೆ ಕೈಯಿಟ್ಟರು.

ಇಷ್ಟೆಲ್ಲದರಲ್ಲಿ ನನ್ನ ಅತ್ತೆಯ ಕಿವಿಗೆ ಬಿದ್ದದ್ದು ಒಂದೇ, ಇದು ಮನೆತನದಲ್ಲಿ ಹರಿದು ಬರುತ್ತದೆ ಎಂಬುದು.

ವಾಪಸು ಬರುವಾಗ ಆಟೋದಲ್ಲೇ ತೀರ್ಮಾನವಾಯಿತು. ನನ್ನ ತವರೂರು ಅಸೂಟಿಯಲ್ಲಿ ನನ್ನ ಸೋದರಮಾವ ಹರೆಯದಲ್ಲಿ ಬಾವಿಗೆ ಬಿದ್ದು ತೀರಿಕೊಂಡಿದ್ದ. ಪಾಚಿಗಟ್ಟಿದ ಮೆಟ್ಟಿಲಲ್ಲಿ ಕಾಲು ಜಾರಿದ್ದನ್ನು ಕಂಡವರು ಈಗಲೂ ಇದ್ದಾರೆ. ಅತ್ತೆ ಆ ಸತ್ತವನನ್ನು ಬಾವಿಯಿಂದ ಮತ್ತೆ ಮೇಲೆತ್ತಿದಳು. ಈಜು ಬರುವ ಗಂಡುಮಗ ಸುಮ್ಮನೆ ಯಾಕೆ ಮುಳುಗುತ್ತಾನೆ, ಅಲ್ಲೇ ಸೆಟೆದುಕೊಂಡಿರಬೇಕು ಎಂದಳು. ಸವಡಿ ಮುಟ್ಟುವುದರೊಳಗೆ ‘ಇರಬೇಕು’ ಹೋಗಿ ‘ಸೆಟೆದುಕೊಂಡೇ ಸತ್ತ’ ಆಯಿತು. ಮುಂದೆ ಅದನ್ನು ಅವಳು ಹೇಳಬೇಕಾಗಲೇ ಇಲ್ಲ, ಹಿಟ್ಟಿನ ಗಿರಣಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂತವರು ಹೇಳಿದರು. ಎತ್ತು ಈದಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಮಂದಿಗೆ ಎಲ್ಲೂ ಕೊರತೆಯಿಲ್ಲ.

ನನ್ನೊಬ್ಬಳ ಮೇಲೆ ಬಂದಿದ್ದರೆ ನುಂಗಿಕೊಳ್ಳುತ್ತಿದ್ದೆ. ಸೊಸೆಯಾದವಳ ಹೊಟ್ಟೆ ಇಂಥದ್ದಕ್ಕೇ ಇರುವುದು. ಆದರೆ ನನ್ನ ತಂಗಿ ಮಹೇಶ್ವರಿಗೆ ಆಗ ಗಂಡು ಗೊತ್ತಾಗುತ್ತಿತ್ತು. ಹುಡುಗ ಪುರ್ತಗೇರಿಯವನು, ಗಜೇಂದ್ರಗಡದಲ್ಲಿ ಬೀಜ ಗೊಬ್ಬರದ ಅಂಗಡಿ. ನೋಡಲು ಬಂದ ದಿನವೇ ಇಬ್ಬರೂ ಒಪ್ಪಿದ್ದರು. ಅವಳು ಅವನ ಫೋಟೋ ನನ್ನ ಮೊಬೈಲಿಗೆ ಕಳಿಸಿ, ಕೂಡಲೇ ಫೋನು ಮಾಡಿ, ಕಿವಿ ಸ್ವಲ್ಪ ದೊಡ್ಡವು, ನಡೀತೈತಿ ಅಲ್ಲ ಅಕ್ಕಾ ಎಂದು ಕೇಳಿದ್ದಳು. ಅದೇ ಮೊದಲ ಸಲ ಅವಳ ದನಿಯಲ್ಲಿ ಅಂಥ ಹಿಗ್ಗು ಕೇಳಿದ್ದೆ. ಮಾತು ಅಸೂಟಿ ದಾಟಿ ಪುರ್ತಗೇರಿ ಮುಟ್ಟಲು ಬಹಳ ದಿನ ಬೇಕಾಗಲಿಲ್ಲ. ಒಪ್ಪಿಗೆಯ ಶಾಸ್ತ್ರಕ್ಕೆ ದಿನ ನೋಡುತ್ತೇವೆ ಎಂದಿದ್ದ ಬೀಗರು ದಿನ ನೋಡುವುದನ್ನೇ ನಿಲ್ಲಿಸಿದರು. ಹೆಣ್ಣಿನ ಮನೆತನದಲ್ಲಿ ಮೂರ್ಛೆ ರೋಗವಿದೆ ಎಂದು ಕೇಳಿದೆವು, ವಿಚಾರ ಮಾಡುತ್ತೇವೆ ಎಂದು ಮಧ್ಯಸ್ಥನ ಕೈಲಿ ಹೇಳಿಕಳಿಸಿದರು. ಮಹೇಶ್ವರಿ ಫೋನಿನಲ್ಲಿ ಅಳಲಿಲ್ಲ. ಅಕ್ಕಾ, ನಮ್ಮಲ್ಲಿ ನಿಜವಾಗಿಯೂ ಯಾರಿಗಾದರೂ ಇತ್ತೇ ಎಂದು ಮೆಲ್ಲಗೆ ಕೇಳಿದಳು. ನನ್ನ ತಂಗಿಯೇ ಸಂಶಯಪಡುವ ಹಾಗಾದದ್ದು ನನ್ನ ಹೊಟ್ಟೆಗೆ ಬೆಂಕಿಯಿಟ್ಟಿತು.

ಇದರ ನಡುವೆಯೇ ರಾಯಣ್ಣನಿಗೆ ಎರಡನೆಯ ಸಲ ಬಂತು. ನೆಗಡಿ, ಸಣ್ಣ ಜ್ವರ, ಅಷ್ಟರಲ್ಲೇ ಮತ್ತೆ ಕಣ್ಣು ಮೇಲೆ. ಈ ಸಲ ನಾನು ಡಾಕ್ಟರಮ್ಮ ಹೇಳಿದಂತೆ ಮಗ್ಗುಲಾಗಿ ಮಲಗಿಸಿ, ಬೆನ್ನಿಗೆ ಕೈ ಕೊಟ್ಟು, ಗೋಡೆಯ ಗಡಿಯಾರ ನೋಡುತ್ತ ಕೂತೆ. ಚಮಚೆ ಹಿಡಿದು ಬಂದ ಅತ್ತೆಯ ಕೈಯನ್ನು ತಳ್ಳಿದೆ. ಕೀಲಿಕೈ ಗೊಂಚಲು ಬಿದ್ದು ಬಚ್ಚಲ ಬಾಗಿಲವರೆಗೆ ಜಾರಿತು. ಎರಡು ನಿಮಿಷವೂ ಆಗಿರಲಿಲ್ಲ, ಫಿಟ್ಸ್ ನಿಂತು ಕೂಸು ನಿದ್ದೆಹೋಯಿತು. ಸಂಜೆಯೊಳಗೆ ಓಣಿಯಲ್ಲೆಲ್ಲ ಹೊಸ ಸುದ್ದಿ ಹಬ್ಬಿತ್ತು. ಹೆತ್ತ ಕೂಸು ಒದ್ದಾಡುತ್ತಿದ್ದರೆ ತಾಯಿ ಎನಿಸಿಕೊಂಡವಳು ಗಡಿಯಾರ ನೋಡಿಕೊಂಡು ಕೂತಿದ್ದಳಂತೆ, ಎಂಥ ಕಲ್ಲು ಮನಸ್ಸಂತೆ. ಅಂದರೆ ಆಗ ನನ್ನ ತವರಿನ ರಕ್ತವೂ ಕೆಟ್ಟಿತ್ತು, ನನ್ನ ಮನಸ್ಸೂ ಕೆಟ್ಟಿತ್ತು.

ಎರಡು ಸಲ ಬಂದದ್ದು ಅತ್ತೆಯನ್ನು ಖರೇನೇ ಹೆದರಿಸಿತು, ಇದನ್ನು ಹೇಳದಿದ್ದರೆ ಅನ್ಯಾಯವಾದೀತು. ಮೊಮ್ಮಗನ ಮೇಲೆ ಅವಳಿಗೆ ಜೀವ. ಮೊಹರಂ ಹತ್ತಿರ ಬಂದಿತ್ತು. ಕೂಸನ್ನು ಫಕೀರನನ್ನಾಗಿ ಮಾಡಬೇಕು, ಬೇಡಿಕೊಂಡಿದ್ದೇನೆ ಎಂದಳು. ನಮ್ಮ ಸೀಮೆಯಲ್ಲಿ ಇದೇನು ಹೊಸದಲ್ಲ. ಕಾಯಿಲೆ ಬಿಡದ ಕೂಸನ್ನು ಪೀರನಿಗೆ ಒಪ್ಪಿಸಿ, ಕೊರಳಿಗೆ ಕೆಂಪು ಹಳದಿ ನೂಲಿನ ಲಾಡಿ ಹಾಕಿಸಿ, ಐದು ಮನೆ ಬೇಡಿ ತಂದು ಸಕ್ಕರೆಯ ಮೇಲೆ ಫಾತಿಹಾ ಓದಿಸುತ್ತಾರೆ. ಕೂಸು ಪೀರನದಾಯಿತು, ಇನ್ನು ಬೇನೆಗೆ ಅದರ ಮೇಲೆ ಹಕ್ಕಿಲ್ಲ ಎಂಬ ನಂಬಿಕೆ. ಅದಕ್ಕೇ ಕೊರಳಲ್ಲಿ ಲಿಂಗವಿರುವವರ ಮನೆಯಲ್ಲೂ ಒಬ್ಬ ಫಕೀರಪ್ಪ ಇರುತ್ತಾನೆ. ನಾನು ಬೇಡವೆನ್ನಲಿಲ್ಲ. ನೂಲು ಯಾರಿಗೇನು ಮಾಡೀತು, ಚಮಚೆಯ ಹಾಗೆ ಹಲ್ಲು ಮುರಿಯುವುದಿಲ್ಲವಲ್ಲ.

ಅತ್ತೆಗೆ ಬುದ್ಧಿಯಿದ್ದಿದ್ದರೆ ನಮ್ಮನ್ನು ಬೇರೆ ಎಲ್ಲಿಗಾದರೂ ಕರೆದೊಯ್ಯಬೇಕಿತ್ತು. ಅವಳ ತವರು ನರಗುಂದದ ಕಡೆ, ಅಲ್ಲೂ ಮೊಹರಂಗೆ ಪಂಜಾ, ಅಂದರೆ ಪೀರನ ಕೈಗುರುತು, ಕೂಡಿಸುತ್ತಾರೆ. ಆದರೆ ಸುಳ್ಳು ಹೇಳುವವರಿಗೂ ಭಕ್ತಿ ಇರುತ್ತದೆ ನೋಡಿ. ಒಂದು ಸಲ ಯಾವ ಪೀರ ಗುಣ ಮಾಡಿದ್ದನೋ ಅವನ ಬಾಗಿಲಿಗೇ ಹೋಗಬೇಕು ಎಂಬುದು ಅವಳ ನಂಬಿಕೆ. ನಂಬಿಕೆ ಅವಳನ್ನು ನೇರ ನಮ್ಮೂರಿನ ಮದರಬಿಯ ಮನೆಗೇ ನಡೆಸಿತು. ಮದರಬಿ ಎಂದರೆ ಆಟೋದ ಕಾಶೀಂಸಾಬನ ತಾಯಿ. ಪಂಜಾ ಕೂಡಿಸುವ ಮನೆತನ ಅವರದು. ಹರೆಯದಲ್ಲಿ ಬಳೆ ಮಾರಿಕೊಂಡು ಊರೂರು ಸುತ್ತಿದ ಮುದುಕಿ, ಈಗ ಕಣ್ಣು ಮಂಜು. ಕಟ್ಟೆಯ ಮೇಲೆ ಕೂತು ರಾಯಣ್ಣನ ಮುಖವನ್ನು ಬೆರಳಿನಿಂದ ಸವರಿದಳು.

“ಯಾರ ಇದು, ಫಕೀರಪ್ಪನ ಮಗನ? ಅಪ್ಪಂದ ಹಣಿ ಐತಿ ನೋಡ. ಅಪ್ಪಗ ಕಟ್ಟಿದ ಕೈಲೇ ಮಗಗೂ ಕಟ್ಟತೀನಿ, ಚಿಂತಿ ಮಾಡಬ್ಯಾಡ ಮಾಯವ್ವ.”

ಯಾವ ಫಕೀರಪ್ಪ ಎಂದು ನಾನು ಕೇಳಿದೆ. ಅತ್ತೆ ಅವಸರದಿಂದ, ಮದರಬಿಗೆ ವಯಸ್ಸಾಯಿತು, ನೆನಪು ಕಲಸುತ್ತವೆ ಎಂದಳು. ಅಲ್ಲಿಗೆ ಅವಳ ಕತೆ ಮುಗಿಯಿತು. ಮುದುಕಿಯರು ಕಣ್ಣಿಲ್ಲ ಎಂದರೆ ತಡೆದುಕೊಳ್ಳುತ್ತಾರೆ, ಹಲ್ಲಿಲ್ಲ ಎಂದರೆ ನಗುತ್ತಾರೆ, ನೆನಪಿಲ್ಲ ಎಂದರೆ ಮಾತ್ರ ಬಿಡುವುದಿಲ್ಲ.

“ನನ್ನ ನೆನಪ ಕಲಸ್ಯಾವನ?” ಎಂದು ಮದರಬಿ ಕೋಲು ಊರಿ ನೆಟ್ಟಗೆ ಕೂತಳು. “ನಿನ್ನ ಮಗ ಸಿದ್ದರಾಮ ಜ್ವರ ಬಂದಾಗೊಮ್ಮೆ ಸೆಟಗೊಂತಿದ್ದ. ಇದ ಕಟ್ಟಿಮ್ಯಾಗ ಅಂವನ್ನ ಉಡ್ಯಾಗ ಹಾಕ್ಕೊಂಡು ಅತ್ತೀದಿ. ಇದು ನಿನ್ನ ತವರಮನಿ ಬ್ಯಾನಿ ಅಂತ ನಿಮ್ಮತ್ತಿ ಸಿದ್ದವ್ವ ನಿನ್ನ ಹೊರಗ ಹಾಕಿದ್ಲು, ಮರತಿಯನ? ಮೂರ ಮೊಹರಂ ಅಂವನ್ನ ಫಕೀರ ಮಾಡೀವಿ. ನಾನ ಹೆಸರಿಟ್ಟೀನಿ ಅಂವಗ.”

ನಾನು ಅತ್ತೆಯ ಮುಖ ನೋಡಿದೆ. ಸಿಕ್ಕಿಬಿದ್ದ ಕಳ್ಳಿಯ ಮುಖ ಇರುತ್ತದೆ ಎಂದುಕೊಂಡಿದ್ದೆ. ಹಾಗಿರಲಿಲ್ಲ. ಆ ಹಳೆಯ ದಿನ ಮತ್ತೆ ಮೈಮೇಲೆ ಬಂದವಳಂತೆ ಮುಖ ಬಿಳುಚಿಕೊಂಡಿತ್ತು. ಕೀಲಿಕೈ, ಉಳ್ಳಾಗಡ್ಡಿ, ಚಮಚೆ ಒಂದರ ಹಿಂದೊಂದು ಹೇಗೆ ಬಂದವೆಂದು ಆಗ ನನಗೆ ತಿಳಿಯಿತು. ಈ ಹೆಂಗಸು ನನ್ನ ಭಯವನ್ನು ನನಗಿಂತ ಮೊದಲು ಪಟ್ಟಿದ್ದಳು, ನನ್ನ ಅವಮಾನವನ್ನೂ ಪಟ್ಟಿದ್ದಳು. ಒಂದು ಕ್ಷಣ ಅವಳ ಮೇಲೆ ಕನಿಕರ ಬಂತು. ಮರುಕ್ಷಣವೇ ಇಷ್ಟು ಗೊತ್ತಿದ್ದೂ ಮಾಡಿದಳಲ್ಲ ಎಂದು ಮೊದಲಿಗಿಂತ ಹೆಚ್ಚು ಸಿಟ್ಟು ಬಂತು. ಗೊತ್ತಿಲ್ಲದೆ ಮಾಡುವವರನ್ನು ಕ್ಷಮಿಸಬಹುದು.

ಲಾಡಿ ಹಾಕಿಸಿಕೊಂಡ ಕೂಸನ್ನು ಎತ್ತಿಕೊಂಡು ಮನೆಗೆ ಹೊರಟೆವು. ದಾರಿಯಲ್ಲಿ ಅತ್ತೆ ಒಂದೇ ಮಾತು ಆಡಿದಳು.

“ಆವತ್ತ ನನ್ನ ಮಾತ ಯಾರ ಕೇಳಿದ್ರು?”

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಗಾದೆ ಕಟ್ಟಿದವರು, ಸೊಸೆಗೆ ಬಂದ ಕಾಲವನ್ನು ಅವಳು ಯಾರ ಮೇಲೆ ತೀರಿಸುತ್ತಾಳೆ ಎಂಬುದನ್ನು ಹೇಳದೆ ಬಿಟ್ಟಿದ್ದಾರೆ.

ಗಂಡ ಅಂಗಡಿಯಿಂದ ಬಂದು ಕೈಕಾಲು ತೊಳೆಯುತ್ತಿದ್ದಾಗಲೇ ಕೇಳಿದೆ. ಅವನು ಸುಳ್ಳು ಹೇಳಲಿಲ್ಲ, ಅಷ್ಟು ಧೈರ್ಯವೂ ಅವನಿಗಿಲ್ಲ. ಗೊತ್ತಿತ್ತು ಎಂದ. ಸಾಲೆಯಲ್ಲಿ ಹುಡುಗರು ಫಕೀರಪ್ಪ ಎಂದು ಕರೆದು, ನೆಲದ ಮೇಲೆ ಬಿದ್ದು ಕೈಕಾಲು ಜಗ್ಗಿ ತೋರಿಸಿ ಆಡಿಕೊಳ್ಳುತ್ತಿದ್ದರಂತೆ. ಆ ಹೆಸರನ್ನು ಅಳಿಸಬೇಕೆಂದೇ ರೋಣದಲ್ಲಿ ಅಂಗಡಿ ಇಟ್ಟನಂತೆ. ಹಾಗಾದರೆ ಡಾಕ್ಟರಮ್ಮ ಕೇಳಿದಾಗ ಯಾಕೆ ಬಾಯಿ ಬಿಡಲಿಲ್ಲ ಎಂದೆ.

“ಅವ್ವ ಮೊದಲ ಇಲ್ಲ ಅಂದಬಿಟ್ಟಿದ್ಲು. ಆಮ್ಯಾಲ ನಾ ಹೌದು ಅಂದ್ರ ಅವ್ವ ಸುಳ್ಳಿ ಆಗತಿದ್ಲು.”

“ಮತ್ತ ನಾನು?” ಎಂದೆ.

ಅವನು ಟವೆಲಿನಿಂದ ಮುಖ ಒರೆಸಿಕೊಂಡ. ಮುಖ ಒಣಗಿದ ಮೇಲೂ ಒರೆಸಿಕೊಳ್ಳುತ್ತಲೇ ಇದ್ದ. ಅತ್ತೆಯ ಸುಳ್ಳಿಗಿಂತ ಆ ಟವೆಲು ನನ್ನನ್ನು ಹೆಚ್ಚು ಸುಟ್ಟಿತು. ಅವಳಾದರೂ ತನ್ನದನ್ನು ಉಳಿಸಿಕೊಳ್ಳಲು ಹೋರಾಡುತ್ತಿದ್ದಳು, ಇವನು ಬರೀ ನೋಡುತ್ತಿದ್ದ. ಕಡೆಗೆ ನಾನು ಒಂದೇ ಕೇಳಿದೆ. ಪುರ್ತಗೇರಿಯವರು ನಮ್ಮ ಮನೆಗೆ ವಿಚಾರಿಸಲು ಬರುತ್ತಾರಂತೆ, ಆಗ ‘ನನಗೆ ಬರುತ್ತಿತ್ತು’ ಎಂದು ನೀವೇ ಹೇಳಿ, ನನ್ನ ತಂಗಿಯ ಬಾಳು ಉಳಿಯುತ್ತದೆ, ನನಗೆ ಮತ್ತೇನೂ ಬೇಡ ಎಂದೆ. ನೋಡೂಣು ಎಂದ. ನೋಡೂಣು ಎಂಬುದು ನಮ್ಮ ಗಂಡಸರು ‘ಇಲ್ಲ’ ಎನ್ನುವ ಬಗೆ.

ಅವರು ಬಂದರು. ಹಿರಿಯ ಮಗಳನ್ನು ಕೊಟ್ಟ ಮನೆಯಲ್ಲಿ ವಿಚಾರಿಸಿದರೆ ಕಿರಿಯವಳ ಗುಣ ತಿಳಿಯುತ್ತದೆ ಎಂಬುದು ಹಳಬರ ಲೆಕ್ಕ. ಹುಡುಗನ ಕಾಕಾ ಗುರುಸಂಗಪ್ಪ, ಜೊತೆಗೆ ಊರಿನ ಇಬ್ಬರು ಹಿರಿಯರು. ಗುರುಸಂಗಪ್ಪ ನೋಡಲು ಒಳ್ಳೆಯ ಮನುಷ್ಯ, ಮಾತು ಮೆದು, ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕಾಲು ತೊಳೆದು ಬಂದ. ಅತ್ತೆ ಒಂದು ಮೂಲೆಯಲ್ಲಿ, ಗಂಡ ಅವರ ಎದುರಿಗೆ ಕೂತರು. ನಾನು ಚುರುಮುರಿ ಕೊಟ್ಟು, ಚಹಾ ಇಟ್ಟು, ಅಡುಗೆಮನೆಯ ಬಾಗಿಲ ಹಿಂದೆ ನಿಂತೆ. ಮಳೆ, ಹೆಸರು ಕಾಳಿನ ದರ, ಮೋಟಾರು ಸುಡುವುದು ಎಲ್ಲ ಮುಗಿದ ಮೇಲೆ ಗುರುಸಂಗಪ್ಪ ಗಂಟಲು ಸರಿಮಾಡಿಕೊಂಡ.

“ಒಂದ ಮಾತ ಕೇಳತೀನಿ, ತಪ್ಪ ತಿಳೀಬ್ಯಾಡ್ರಿ. ನಿಮ್ಮ ಕೂಸಿಗೆ ಬ್ಯಾನಿ ಐತಿ ಅಂತ ಕೇಳೀವಿ. ಅದು ಯಾರ ಕಡೇದ್ರಿ?”

ಅತ್ತೆ ಈ ಸಲ ಬಾವಿಯ ಕತೆ ಹೇಳಲಿಲ್ಲ. ನಮ್ಮ ಕಡೆಯದಂತೂ ಅಲ್ಲ, ಉಳಿದದ್ದು ಬಲ್ಲವರು ನೀವೇ ತಿಳಿದುಕೊಳ್ಳಿ ಎಂದಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ನಾನು ಬಾಗಿಲ ಸಂದಿನಿಂದ ಗಂಡನನ್ನೇ ನೋಡುತ್ತಿದ್ದೆ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾದೆ. ಅವನು ಬಸಿಯಲ್ಲಿದ್ದ ಚಹಾ ನೋಡುತ್ತಿದ್ದ. ಚಹಾದ ಮೇಲೆ ಕೆನೆ ಕಟ್ಟಿತು. ಗುರುಸಂಗಪ್ಪ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ಏಳಲು ಅಣಿಯಾದ. ಅವನು ಎದ್ದರೆ ಮಹೇಶ್ವರಿಯ ಮದುವೆಯೂ ಅವನ ಜೊತೆಗೇ ಎದ್ದುಹೋಗುತ್ತಿತ್ತು.

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮದುವೆಯ ದಿನ ಎಲ್ಲರೂ ಕಾಡಿದ್ದಕ್ಕೆ ಒಡಪಿನ ಪದ್ಯದಲ್ಲಿ ಹೆಣೆದು ಒಂದು ಸಲ ಹೇಳಿದ್ದೆ, ಅಷ್ಟೇ. ಆ ದಿನ ಹೊಸ್ತಿಲು ದಾಟಿ ಪಡಸಾಲೆಗೆ ಬಂದು, ಹಿರಿಯರ ಮುಂದೆ, ತಲೆಯ ಮೇಲಿನ ಸೆರಗು ಜಾರಿದ್ದನ್ನೂ ಸರಿಮಾಡಿಕೊಳ್ಳದೆ, ಎಚ್ಚರಿಸಲು ಕೆಮ್ಮುತ್ತಿದ್ದ ಅತ್ತೆಯನ್ನೂ ಲೆಕ್ಕಿಸದೆ, ಅವನನ್ನು ಹೆಸರು ಹಿಡಿದು ಕರೆದೆ.

“ಫಕೀರಪ್ಪ,” ಎಂದೆ. “ಹೇಳ್ರಿ. ಆ ಹೆಸರ ನಿಮಗ ಯಾತಕ್ಕ ಬಂತು, ಹಿರ್‍ಯಾರಿಗೆ ಹೇಳ್ರಿ.”

ಅವನು ತಲೆಯೆತ್ತಲಿಲ್ಲ.

“ಇವರು ಹೇಳೂದಿಲ್ಲ, ನಾ ಹೇಳತೀನಿ. ಜ್ವರದಾಗ ಫಿಟ್ಸ್ ಇವರಿಗೆ ಬರತಿದ್ದವು. ನಮ್ಮತ್ತಿ ಇವರನ್ನ ಉಡ್ಯಾಗ ಹೊತ್ತು ಮದರಬಿ ಕಟ್ಟಿಗೆ ಅಡ್ಡಾಡ್ಯಾರ. ಬೇಕಾದ್ರ ಹೋಗಿ ಕೇಳ್ರಿ. ಅಸೂಟ್ಯಾಗ ಯಾರಿಗೂ ಇಲ್ಲ, ನಮ್ಮ ಸೋದರಮಾವ ಕಾಲ ಜಾರಿ ಸತ್ತಾನ.”

ಹೇಳಿ ಮುಗಿಸಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ. ಗುರುಸಂಗಪ್ಪ ನನ್ನನ್ನೂ ನನ್ನ ಗಂಡನನ್ನೂ ಒಮ್ಮೆ ನೋಡಿದ. ಅವನು ನಂಬಿದ, ಅದು ಮುಖದಲ್ಲೇ ತಿಳಿಯಿತು. ಅಯ್ಯ, ಇದೇನು ದೊಡ್ಡ ಬೇನೆಯಲ್ಲ ತಂಗಿ, ನನ್ನ ಅಣ್ಣನ ಮೊಮ್ಮಗನಿಗೂ ಬರುತ್ತಿತ್ತು, ಈಗ ಸಾಲೆಗೆ ಹೋಗುತ್ತಾನೆ, ಡಾಕ್ಟರು ಹೇಳಿದ ಹಾಗೆ ತಾನೇ ನಿಂತಿತು ಎಂದ. ರಾಯಣ್ಣನ ತಲೆ ಸವರಿ, ತಣ್ಣಗಾದ ಚಹಾವನ್ನೂ ಬಿಡದೆ ಕುಡಿದು ಹೋದ. ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ. ಗೆದ್ದೆ ಎಂದುಕೊಂಡು ಅತ್ತದ್ದು ಅದು. ಕೂಡಲೇ ಮಹೇಶ್ವರಿಗೆ ಫೋನು ಮಾಡಿ, ಎಲ್ಲ ಬಗೆಹರಿಯಿತು, ದೊಡ್ಡ ಕಿವಿಯವನೇ ನಿನ್ನ ಗಂಡ ಎಂದೆ. ಅವಳು ಎಷ್ಟೋ ದಿನದ ಮೇಲೆ ನಕ್ಕಳು.

ವಾರ ತುಂಬುವ ಮೊದಲು ಮಧ್ಯಸ್ಥ ಅಸೂಟಿಗೆ ಹೋಗಿ, ಪುರ್ತಗೇರಿಯವರಿಗೆ ಈ ಸಂಬಂಧ ಬೇಡವಂತೆ ಎಂದು ನನ್ನವ್ವನಿಗೆ ತಿಳಿಸಿದ. ಬೇನೆಯ ಮಾತು ಅವರು ಎತ್ತಲೇ ಇಲ್ಲವಂತೆ. ಅದರ ಬಗ್ಗೆ ನಮಗೆ ಸಂಶಯವಿಲ್ಲ, ಹೆಣ್ಣಿನ ಕಡೆ ಆರೋಗ್ಯ ಚಲೋ ಇದೆ ಎಂದು ತಾವಾಗಿಯೇ ಹೇಳಿದರಂತೆ. ಆದರೆ ಬಂದ ಹಿರಿಯರ ಮುಂದೆ ಕಟ್ಟಿಕೊಂಡ ಗಂಡನ ಹೆಸರು ಹಿಡಿದು, ಅವನ ಮಾನವನ್ನು ಪಡಸಾಲೆಯಲ್ಲಿ ಚೆಲ್ಲಿದ ಹೆಣ್ಣು, ಅಂಥವಳ ತಂಗಿಯನ್ನು ತಂದುಕೊಂಡರೆ ನಾಳೆ ನಮ್ಮ ಹುಡುಗನ ಗತಿಯೇನು ಎಂದರಂತೆ. ಮೆದು ಮಾತಿನ ಗುರುಸಂಗಪ್ಪ ಆಡಿದ ಮಾತನ್ನು ಮಧ್ಯಸ್ಥ ಹಾಗೇ ಒಪ್ಪಿಸಿದ. ನನ್ನವ್ವ ಅದನ್ನೇ ನನಗೂ ಹೇಳಿದಳು.

“ಫಿಟ್ಸ್ ಐದಾರು ವರ್ಷಕ್ಕ ನಿಲ್ಲತಾವು. ಬಾಯಿ ನಿಲ್ಲೂದಿಲ್ಲ.”

ಈಗಲೂ ಒಬ್ಬಳೇ ರೊಟ್ಟಿ ಬಡಿಯುವಾಗ ಆ ಮಾತು ನೆನಪಾಗುತ್ತದೆ, ರೊಟ್ಟಿ ಹರಿಯುತ್ತದೆ. ಸುಳ್ಳು ಹೇಳಿದ ಅತ್ತೆಗೆ ಯಾರೂ ಏನೂ ಅನ್ನಲಿಲ್ಲ. ಬಾಯಿ ಮುಚ್ಚಿಕೊಂಡು ಕೂತ ಗಂಡನನ್ನು ಪಾಪದ ಮನುಷ್ಯ ಎಂದರು. ನನ್ನ ತಂಗಿಯ ರಕ್ತ ಚೊಕ್ಕ ಎಂದು ಸಾಬೀತಾಯಿತು, ಆ ಚೊಕ್ಕ ರಕ್ತವನ್ನು ಇಟ್ಟುಕೊಂಡು ಅವಳು ಮನೆಯಲ್ಲಿ ಕೂತಳು.

ಮಹೇಶ್ವರಿ ಒಮ್ಮೆ ಫೋನು ಮಾಡಿದಳು. ಬೈಯುತ್ತಾಳೆ ಎಂದು ಎದೆ ಗಟ್ಟಿಮಾಡಿಕೊಂಡಿದ್ದೆ. ಬೈಯಲಿಲ್ಲ.

“ಅಕ್ಕಾ, ಒಂದ ಹೇಳ. ಆವತ್ತ ನೀ ಬಾಯಿ ಬಿಟ್ಟಿದ್ದು ನನ್ನ ಸಲುವಾಗೇನ, ನಿನ್ನ ಸಲುವಾಗೇನ?”

ನಿನ್ನ ಸಲುವಾಗಿಯೇ ಎನ್ನಬೇಕಿತ್ತು. ಫಕೀರಪ್ಪ ಎಂದು ಕರೆದಾಗ ನನ್ನ ಗಂಡನ ಮುಖ ಕುಗ್ಗಿದ್ದನ್ನು ಕಂಡು ನನಗೆ ಒಳಗೊಳಗೆ ತಣ್ಣಗಾಗಿತ್ತು, ಅದು ಸುಳ್ಳಲ್ಲ. ಅವಳನ್ನು ಉಳಿಸಬೇಕೆಂದು ಹೊರಗೆ ಬಂದದ್ದೂ ಸುಳ್ಳಲ್ಲ. ಎರಡನ್ನೂ ಬಿಡಿಸಿ ಹೇಳಲು ಬಾರದೆ ನಾನು ಸುಮ್ಮನಿದ್ದೆ, ಅವಳು ಫೋನು ಇಟ್ಟಳು. ಆಮೇಲೆ ಮಾಡಲಿಲ್ಲ.

ಮನೆಯಲ್ಲಿ ದಿನಗಳು ನಡೆದವು. ಅತ್ತೆ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಗಂಡ ಮೋಟಾರಿಗೆ ತಂತಿ ಸುತ್ತಿ ಬಂದು ಉಂಡು ಮಲಗುತ್ತಿದ್ದ. ನಾನು ಮಾತ್ರ ಒಂದು ಕೆಲಸ ಹಿಡಿದೆ. ರಾಯಣ್ಣನಿಗೆ ಮಾತು ಬರತೊಡಗಿತ್ತು, ಅಜ್ಜಿಯನ್ನು ಆಯಿ ಎನ್ನುತ್ತಿದ್ದ. ಬೇರೆ ತಾಯಂದಿರು ಕಾಗೆ, ಗುಬ್ಬಿ, ಚಂದಪ್ಪನನ್ನು ಕಲಿಸುತ್ತಾರೆ. ನಾನೂ ಕಲಿಸಿದೆ. ಅವುಗಳ ಜೊತೆಗೆ ತುತ್ತು ಕೊಡುವಾಗ, ಎಣ್ಣೆ ಹಚ್ಚುವಾಗ, ಇನ್ನೊಂದು ಪಾಠವನ್ನೂ ಕಲಿಸಿದೆ. ತೊದಲು ಹೋಗುವವರೆಗೆ ಬಿಡಲಿಲ್ಲ.

ಅವನಿಗೆ ಮೂರು ತುಂಬುವ ಹೊತ್ತಿಗೆ ಮತ್ತೊಂದು ಜ್ವರ, ಮತ್ತೊಂದು ಫಿಟ್ಸ್. ಆ ದಿನ ಗಂಡ ಮನೆಯಲ್ಲೇ ಇದ್ದ. ನಾನು ಹಿತ್ತಿಲಿನಿಂದ ಓಡಿಬರುವಷ್ಟರಲ್ಲಿ ಅವನು ಕೂಸನ್ನು ಮಗ್ಗುಲಾಗಿ ಮಲಗಿಸಿ, ಗಡಿಯಾರದ ಕಡೆ ಮುಖ ಮಾಡಿ ಕೂತಿದ್ದ. ಅತ್ತೆ ಕೀಲಿಕೈ ಗೊಂಚಲು ಹಿಡಿದು ಕಂಬದ ಹತ್ತಿರ ನಿಂತಿದ್ದಳು, ಮುಂದೆ ಬರಲಿಲ್ಲ. ಫಿಟ್ಸ್ ನಿಂತ ಮೇಲೆ ಗಂಡ ಕೂಸಿನ ಬೆನ್ನಿನ ಮೇಲೆ ಹಣೆಯಿಟ್ಟು ಬಿಕ್ಕಿದ. ಸಮಾಧಾನ ಮಾಡುವ ಮನಸ್ಸು ನನಗೆ ಬರಲಿಲ್ಲ. ಅವನ ಅಳು ಒಂದೂವರೆ ವರ್ಷ ತಡವಾಗಿ ಬಂದಿತ್ತು.

ಜ್ವರ ಯಾತರದೆಂದು ನೋಡಿಸಲು ನಾಲ್ವರೂ ರೋಣಕ್ಕೆ ಹೋದೆವು. ಅದೇ ಡಾಕ್ಟರಮ್ಮ, ಅದೇ ಆನೆ. ಚೇತರಿಸಿಕೊಂಡಿದ್ದ ರಾಯಣ್ಣ ನನ್ನ ತೊಡೆಯ ಮೇಲೆ ಕೂತು ಆನೆಗೆ ಟಾಟಾ ಮಾಡುತ್ತಿದ್ದ. ಡಾಕ್ಟರಮ್ಮ ಕಿವಿ, ಗಂಟಲು ನೋಡಿ, ಇದು ಮೂರನೆಯ ಸಲ ಅಲ್ಲವೇ, ಹೆದರಬೇಡಿ, ಇನ್ನೆರಡು ಮೂರು ವರ್ಷ ಅಷ್ಟೇ ಎಂದರು. ಆಮೇಲೆ ನೆನಪು ಮಾಡಿಕೊಂಡವರಂತೆ, ಮನೆಯಲ್ಲಿ ಯಾರಿಗೂ ಬಂದಿರಲಿಲ್ಲ ಎಂದಿದ್ದಿರಿ ಅಲ್ಲವೇ ಎಂದು ಕೇಳಿದರು. ನಾನು ಬೇಕೆಂದೇ ಸುಮ್ಮನಿದ್ದೆ. ಅತ್ತೆ ಸೆರಗಿನ ತುದಿ ತಿರುವುತ್ತಿದ್ದಳು. ಗಂಡ ಬಾಯಿ ತೆರೆದ, ಇಲ್ಲವೆನ್ನಲಾರೆ, ಆದರೆ ತೆರೆದ ಬಾಯಿಂದ ಮಾತು ಹೊರಡಲಿಲ್ಲ. ಅವನ ಕಣ್ಣು ಮೆಲ್ಲಗೆ ಆನೆಯ ಕಡೆಗೇ ಹೊರಳಿತು.

“ಅಪ್ಪಗ ಬರತಿದ್ವು,” ಎಂದ ರಾಯಣ್ಣ, ಚಂದಪ್ಪನ ಪದ ಒಪ್ಪಿಸುವ ರಾಗದಲ್ಲಿ. “ಆಯಿ ಉಡ್ಯಾಗ ಹೊತ್ತಿದ್ಲು. ನನಗೂ ಬರತಾವು. ಬಾಯಾಗ ಏನೂ ಹಾಕಬಾರದು.”

ಡಾಕ್ಟರಮ್ಮ ಜೋರಾಗಿ ನಕ್ಕು, ಎಷ್ಟು ಜಾಣ ಎಂದು ಅವನ ಗಲ್ಲ ಹಿಂಡಿ, ಗಂಡನ ಮುಖ ಕಂಡು ನಗು ನಿಲ್ಲಿಸಿದರು. ಅತ್ತೆ ಎದ್ದು ನಿಂತಳು. ಬಾಗಿಲ ಕಡೆ ತಿರುಗಿ, ನನಗೆ ಮಾತ್ರ ಕೇಳಿಸುವ ಹಾಗೆ ಅಂದಳು.

“ಈ ಬಾಯಿ ಅಂತೂ ನಮ್ಮ ಕಡೇದಲ್ಲ.”

“ಹೌದ್ರಿ ಅತ್ತಿ,” ಎಂದೆ. “ಅದು ಅಸೂಟಿ ಕಡೇದು.”

ಮಹೇಶ್ವರಿ ಕೇಳಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದಳು. ದವಾಖಾನೆಯ ಕಟ್ಟೆಯ ಮೇಲೆ ಕೂತು ಅವಳ ನಂಬರು ಒತ್ತಿದೆ. ರಿಂಗಾಗಿ ರಿಂಗಾಗಿ ನಿಂತಿತು.